ಡಿಸ್ಕ್ ಇಲ್ಲದ ಮಷೀನ್ ಮತ್ತೆ ಮತ್ತೆ ಕೇಳುವ ಪ್ರಶ್ನೆ

ಪರದೆಯ ಮೇಲೆ ಒಂದೇ ಸಾಲು. ‘ಟೈಮ್‌ಔಟ್ ವೇಟಿಂಗ್ ಫಾರ್ ಎಆರ್‌ಪಿ/ರಾರ್ಪ್ ಪ್ಯಾಕೆಟ್.’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸಾಲು. ಸನ್ ಕಂಪನಿಯ ಡಿಸ್ಕ್ ಇಲ್ಲದ ಹಳೆಯ ವರ್ಕ್‌ಸ್ಟೇಷನ್‌ಗಳನ್ನು ನೆಟ್‌ವರ್ಕ್ ಮೂಲಕ ಬೂಟ್ ಮಾಡಲು, ಅಂದರೆ ಎಬ್ಬಿಸಲು, ಹೊರಟವರೆಲ್ಲ ಇದನ್ನು ನೋಡಿಯೇ ಇರುತ್ತಾರೆ. ಇಲ್ಲಿಂದ ಮುಂದೆ ಬಹಳ ಜನ ಹಿಡಿಯುವ ದಾರಿ ಗೊತ್ತೇ ಇದೆ ಅಲ್ವಾ: ರಾರ್ಪ್ (ತನ್ನ ಈಥರ್ನೆಟ್ ವಿಳಾಸ ಹೇಳಿ ಐಪಿ ವಿಳಾಸ ಕೇಳುವ ಪ್ರೋಟೊಕಾಲ್) ಅಂತ ಬರೆದಿದೆ, ಹಾಗಾದರೆ ರಾರ್ಪ್ ಸರ್ವರಲ್ಲೇ ತೊಂದರೆ ಅಂತ ತೀರ್ಮಾನ, ಆಮೇಲೆ ಆ ಒಂದು ಡೀಮನ್ನಿನ (ಹಿನ್ನೆಲೆಯಲ್ಲಿ ಓಡುವ ಸರ್ವರ್ ಪ್ರೋಗ್ರಾಂ) ಸುತ್ತ ಗಂಟೆಗಟ್ಟಲೆ ಪರದಾಟ.

ನನಗೆ ಈ ಮಷೀನುಗಳ ಮೇಲೆ ತುಂಬ ಪ್ರೀತಿ. ಒಳಗೆ ಏನೂ ಇಲ್ಲ. ಹೆಸರಿಲ್ಲ, ಐಪಿ ವಿಳಾಸ ಇಲ್ಲ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಇಲ್ಲ. ಇರುವುದು ಒಂದು ಚಿಪ್ಪಿನಲ್ಲಿ ಬರೆದಿಟ್ಟ ಚಿಕ್ಕ ಪ್ರೋಗ್ರಾಂ, ಒಂದು ಈಥರ್ನೆಟ್ ವಿಳಾಸ, ಅಷ್ಟೇ. ಉಳಿದದ್ದನ್ನೆಲ್ಲ ತಂತಿಯ ಆಚೆ ಇರುವವರನ್ನು ಕೇಳಿ ಪಡೆಯಬೇಕು. ಹೀಗೆ ಕೇಳಿ ಪಡೆಯುವ ಆಟದಲ್ಲಿ ಎಲ್ಲಿ ಎಡವಿತು ಅಂತ ಹುಡುಕುವುದರ ಬಗ್ಗೆ ನನಗೆ ಹೇಳಬೇಕಾಗಿರುವುದು ಒಂದೇ ಮಾತು: ಪರದೆಯ ಮೇಲಿನ ಸಾಲು ಯಾರು ಕಾಯುತ್ತಾ ಕೂತಿದ್ದಾರೆ ಅಂತ ಹೇಳುತ್ತದೆ, ಯಾರು ತಪ್ಪಿದರು ಅಂತ ಹೇಳುವುದಿಲ್ಲ. ಅದನ್ನು ತಂತಿಯ ಮೇಲೆಯೇ ನೋಡಬೇಕು.

ಇಂಥ ಮಷೀನುಗಳು ಯಾಕೆ ಹುಟ್ಟಿದವು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. 1980ರ ದಶಕದಲ್ಲಿ ಡಿಸ್ಕ್ ದುಬಾರಿ, ಸದ್ದು ಜಾಸ್ತಿ, ಬಿಸಿಯೂ ಜಾಸ್ತಿ. ಪ್ರತಿ ಮೇಜಿಗೂ ಒಂದೊಂದು ಕೊಡುವ ಬದಲು ಒಂದು ಸರ್ವರಿಗೆ ದೊಡ್ಡ ಡಿಸ್ಕ್ ಹಾಕಿ ಎಲ್ಲರೂ ಹಂಚಿಕೊಳ್ಳೋಣ ಅನ್ನುವ ಲೆಕ್ಕ. ಇದರಿಂದ ವೇಗ ಸತ್ತುಹೋಗುವುದಿಲ್ಲವೇ ಅನ್ನುವ ಪ್ರಶ್ನೆಗೆ ಸ್ಟ್ಯಾನ್‌ಫರ್ಡ್‌ನ ವಿ ಕರ್ನಲ್ ಕೆಲಸ 1983ರಲ್ಲೇ ಅಳೆದು ಉತ್ತರ ಕೊಟ್ಟಿತ್ತು; ಡೇವಿಡ್ ಚೆರಿಟನ್ ಮತ್ತು ಅವರ ಜೊತೆಗಾರರು ಡಿಸ್ಕ್ ಇಲ್ಲದೆಯೂ ಕೆಲಸ ಚೆನ್ನಾಗಿ ನಡೆಯುತ್ತದೆ ಅಂತ ತೋರಿಸಿದ್ದರು. ಸನ್ ಕಂಪನಿ ಮೊದಲು ಎನ್‌ಡಿ ಅನ್ನುವ ನೆಟ್‌ವರ್ಕ್ ಡಿಸ್ಕ್ ಪ್ರೋಟೊಕಾಲ್ ಬಳಸಿತು. ಅದರಲ್ಲಿ ಸರ್ವರ್ ಕೊಡುತ್ತಿದ್ದದ್ದು ಫೈಲುಗಳನ್ನಲ್ಲ, ಡಿಸ್ಕಿನ ಬ್ಲಾಕುಗಳನ್ನು. 1980ರ ದಶಕದ ನಡುವೆ ಫೈಲುಗಳನ್ನೇ ಹಂಚುವ ಎನ್‌ಎಫ್‌ಎಸ್ ಬಂತು, 1988ರ ಸನ್‌ಓಎಸ್ 4.0ದಲ್ಲಿ ಎನ್‌ಡಿ ಹೊರಟುಹೋಯಿತು, ರೂಟ್ (ಮಷೀನಿನ ಮೂಲ ಡೈರೆಕ್ಟರಿ) ಮತ್ತು ಸ್ವಾಪ್ (ಮೆಮೊರಿ ಸಾಲದಾಗ ಪುಟಗಳನ್ನು ಇಡುವ ಜಾಗ) ಎರಡೂ ಎನ್‌ಎಫ್‌ಎಸ್ ಮೇಲೆ ಕೂತವು. ಸನ್ 3/50 ಅನ್ನುವ ಮಷೀನಿನಲ್ಲಿ ಇದ್ದ ಮೆಮೊರಿ 4 ಮೆಗಾಬೈಟ್. ಅಷ್ಟರಲ್ಲಿ ಕರ್ನಲ್, ವಿಂಡೋ ಸಿಸ್ಟಂ, ಎಡಿಟರ್ ಎಲ್ಲ ಓಡಬೇಕು, ಸಾಲದಿದ್ದರೆ ಸ್ವಾಪ್ ಕೂಡ ಅದೇ ತಂತಿಯ ಮೇಲೆ ಹೋಗಬೇಕು.

ಈಗ ಬೂಟ್ ಆಗುವ ಸರಪಳಿ. ಪ್ರಾಮ್, ಅಂದರೆ ಚಿಪ್ಪಿನಲ್ಲಿರುವ ಆ ಚಿಕ್ಕ ಪ್ರೋಗ್ರಾಂ, ಮೊದಲು ರಾರ್ಪ್ ಕಳಿಸಿ ತನ್ನ ಐಪಿ ವಿಳಾಸ ಕೇಳುತ್ತದೆ. ಸಿಕ್ಕರೆ ಟಿಎಫ್‌ಟಿಪಿ ಅನ್ನುವ ಸರಳ ಫೈಲ್ ವರ್ಗಾವಣೆ ಪ್ರೋಟೊಕಾಲಿನಲ್ಲಿ ಒಂದು ಬೂಟ್ ಪ್ರೋಗ್ರಾಂ ಇಳಿಸಿಕೊಳ್ಳುತ್ತದೆ. ಆ ಪ್ರೋಗ್ರಾಂ ಎದ್ದು, ಬೂಟ್‌ಪ್ಯಾರಮ್ ಸರ್ವರನ್ನು ನನ್ನ ಹೆಸರೇನು, ನನ್ನ ರೂಟ್ ಎಲ್ಲಿದೆ ಅಂತ ಕೇಳಿ, ಎನ್‌ಎಫ್‌ಎಸ್ ಮೂಲಕ ಕರ್ನಲ್ ಓದಿಕೊಳ್ಳುತ್ತದೆ. ಕರ್ನಲ್ ಎದ್ದು ರೂಟ್ ಮೌಂಟ್ ಮಾಡಿ (ತನಗೆ ಜೋಡಿಸಿಕೊಂಡು), ಇನಿಟ್ ಅನ್ನುವ ಮೊದಲ ಪ್ರೋಗ್ರಾಂ ಶುರು ಮಾಡಿ, ಉಳಿದ ಸೇವೆಗಳನ್ನು ಎಬ್ಬಿಸುವ ಆರ್‌ಸಿ ಸ್ಕ್ರಿಪ್ಟುಗಳಿಗೆ ಕೈ ದಾಟಿಸುತ್ತದೆ.

ಇಷ್ಟು ಎಲ್ಲ ಕೈಪಿಡಿಯಲ್ಲೂ ಇರುತ್ತದೆ. ಆದರೆ ಹುಡುಕುವವರಿಗೆ ಬೇಕಾದ ಮುಖ್ಯ ವಿಷಯ ಇದರಲ್ಲಿ ಕಾಣುವುದಿಲ್ಲ. ಒಂದು ಹಂತಕ್ಕೆ ಗೊತ್ತಾದದ್ದು ಮುಂದಿನ ಹಂತಕ್ಕೆ ದಾಟುವುದೇ ಇಲ್ಲ ಅನ್ನಬಹುದು. ಪ್ರಾಮ್ ಕಷ್ಟಪಟ್ಟು ಐಪಿ ವಿಳಾಸ ಸಂಪಾದಿಸುತ್ತದೆ. ಬೂಟ್ ಪ್ರೋಗ್ರಾಂ ಬಂದ ಕೂಡಲೇ ಅದನ್ನು ಮರೆತು ಮತ್ತೆ ರಾರ್ಪ್ ಕಳಿಸುತ್ತದೆ. ಕರ್ನಲ್ ಬಂದ ಮೇಲೆ ಮತ್ತೆ ಮೊದಲಿಂದ ರಾರ್ಪ್, ಮತ್ತೆ ಬೂಟ್‌ಪ್ಯಾರಮ್. ನೆನಪು ಹೋದವನು ಬೀದಿ ಬೀದಿಯಲ್ಲಿ ನಿಂತು ‘ನಾನು ಯಾರು ಅಂತ ಯಾರಾದರೂ ಹೇಳಿ’ ಅಂತ ಕೂಗಿದ ಹಾಗೆ. ಪ್ರತಿ ಸಲವೂ ಬೇರೆಯವರು ಉತ್ತರ ಕೊಡಬಹುದು, ಬೇರೆ ಉತ್ತರವನ್ನೇ ಕೊಡಬಹುದು. ಮೊದಲ ಸಲ ಸರಿಯಾಗಿ ಸಿಕ್ಕಿತು ಅಂದ ಮಾತ್ರಕ್ಕೆ ಎರಡನೇ ಸಲವೂ ಸಿಗುತ್ತದೆ ಅಂತ ನಂಬುವ ಹಾಗಿಲ್ಲ.

ಇದರಿಂದ ಒಂದು ಲಾಭವೂ ಇದೆ. ತಂತಿಯ ಮೇಲೆ ಎಷ್ಟನೇ ರಾರ್ಪ್ ಕಾಣಿಸಿತು ಅನ್ನುವುದರಿಂದಲೇ ಮಷೀನ್ ಎಲ್ಲಿಯವರೆಗೆ ಬಂದಿದೆ ಅಂತ ಗೊತ್ತಾಗುತ್ತದೆ. ಸರಿಯಾಗಿ ಬೂಟ್ ಆಗುವ ಮಷೀನಿನ ಜಾಡನ್ನು, ತಂತಿಯ ಮೇಲಿನ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ನೋಡಿ. ಒಂದು ರಾರ್ಪ್ ಪ್ರಶ್ನೆ, ಅದಕ್ಕೊಂದು ಉತ್ತರ. ಆಮೇಲೆ ಸರ್ವರಿನ 69ನೇ ಪೋರ್ಟಿಗೆ ಒಂದು ಟಿಎಫ್‌ಟಿಪಿ ಕೋರಿಕೆ. ಅದರ ಬೆನ್ನಿಗೇ 516 ಬೈಟುಗಳ ಪ್ಯಾಕೆಟ್‌ಗಳ ಉದ್ದನೆಯ ಸಾಲು, 512 ಬೈಟ್ ಫೈಲಿನದು, 4 ಬೈಟ್ ಹೆಡರಿನದು. ಪ್ರತಿಯೊಂದಕ್ಕೂ ಮಷೀನಿನಿಂದ 4 ಬೈಟಿನ ಒಂದು ಒಪ್ಪಿಗೆ. ಕೊನೆಯ ಪ್ಯಾಕೆಟ್ ಮಾತ್ರ ಚಿಕ್ಕದು, ಫೈಲ್ ಮುಗಿಯಿತು ಅನ್ನುವುದಕ್ಕೆ ಅದೇ ಗುರುತು. ಒಂದು ಕ್ಷಣ ಮೌನ. ಮತ್ತೆ ರಾರ್ಪ್! ಈ ಎರಡನೇ ರಾರ್ಪ್ ಕಂಡರೆ ಟಿಎಫ್‌ಟಿಪಿ ಪೂರ್ತಿ ಗೆದ್ದಿದೆ, ಬೂಟ್ ಪ್ರೋಗ್ರಾಂ ಜೀವಂತವಾಗಿ ಓಡುತ್ತಿದೆ ಅಂತಲೇ ಅರ್ಥ. ಆಮೇಲೆ 111ನೇ ಪೋರ್ಟಿಗೆ ಒಂದು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕೇಳುವ ಹಾಗೆ ಕಳಿಸಿದ್ದು), ಬೂಟ್‌ಪ್ಯಾರಮ್‌ನದು. ನಂತರ ಮೌಂಟ್, ನಂತರ ಎನ್‌ಎಫ್‌ಎಸ್ ಓದುಗಳ ಸುರಿಮಳೆ, ಅಂದರೆ ಕರ್ನಲ್ ಬರುತ್ತಿದೆ. ಮೂರನೇ ರಾರ್ಪ್ ಕಂಡರೆ ಕರ್ನಲ್ ಎದ್ದಿದೆ. ಪರದೆಯ ಮೇಲೆ ಒಂದಕ್ಷರ ಬರದಿದ್ದರೂ ಇಷ್ಟೆಲ್ಲ ತಿಳಿಯುತ್ತದೆ.

ಹಾಗಾಗಿ ನಾನು ಮೊದಲು ಕಾನ್ಫಿಗರೇಶನ್ ಫೈಲುಗಳನ್ನು ತೆರೆಯುವುದಿಲ್ಲ. ಸರ್ವರಿನಲ್ಲಿ ಟಿಸಿಪಿಡಂಪ್ ಹಚ್ಚಿ, ಆ ಒಂದು ಈಥರ್ನೆಟ್ ವಿಳಾಸದ ಪ್ಯಾಕೆಟ್ಟುಗಳನ್ನು ಮಾತ್ರ ತೋರಿಸು ಅಂತ ಹೇಳಿ, ಆಮೇಲೆ ಮಷೀನಿಗೆ ಪವರ್ ಕೊಡುತ್ತೇನೆ. ಹುಡುಕಬೇಕಾದ್ದು ಒಂದೇ: ಉತ್ತರ ಸಿಕ್ಕ ಕೊನೆಯ ಪ್ರಶ್ನೆ ಯಾವುದು, ಉತ್ತರ ಸಿಗದ ಮೊದಲ ಪ್ರಶ್ನೆ ಯಾವುದು. ಇವೆರಡರ ನಡುವೆ ಇರುವುದು ಚಿಕ್ಕ ಜಾಗ. ಫೈಲುಗಳನ್ನು ಮೊದಲು ಓದಲು ಕೂತರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಯಾಕಂದರೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಅಲ್ಲಿ ಇರುತ್ತದೆ, ಮಷೀನಿಗೆ ನಿಜವಾಗಿ ತಲುಪಿದ್ದು ಇರುವುದಿಲ್ಲ.

ರಾರ್ಪ್ ಹಂತಕ್ಕೆ ಬರೋಣ. ಇದರ ನಿಯಮ ಇರುವುದು 1984ರ ಜೂನ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ನಾಲ್ವರು ಬರೆದ ಆರ್‌ಎಫ್‌ಸಿ 903 ಅನ್ನುವ ದಾಖಲೆಯಲ್ಲಿ, ಅದು ಕೆಲವೇ ಪುಟಗಳದ್ದು. ರಾರ್ಪ್ ಐಪಿಗಿಂತ ಕೆಳಗೆ, ಈಥರ್ನೆಟ್ ಮಟ್ಟದಲ್ಲೇ ನಡೆಯುವ ಮಾತುಕತೆ. ಹಾಗಾಗಿ ರೌಟರ್ ದಾಟುವುದಿಲ್ಲ. ಸರ್ವರ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಇದು ಸುಲಭದ ಕಾರಣ, ಬೇಗ ಗೊತ್ತಾಗುತ್ತದೆ.

ಸುಲಭವಲ್ಲದ ಕಾರಣವೊಂದಿದೆ, ನನಗೆ ತುಂಬ ಇಷ್ಟವಾದದ್ದು. ಬಿಎಸ್‌ಡಿ ಕಡೆಯ ಹಳೆಯ ರಾರ್ಪ್ ಡೀಮನ್ ಉತ್ತರ ಕೊಡುವ ಮೊದಲು ಮೂರು ವಿಷಯ ನೋಡುತ್ತದೆ. ಈಥರ್ಸ್ ಫೈಲಿನಲ್ಲಿ ಈ ಈಥರ್ನೆಟ್ ವಿಳಾಸಕ್ಕೆ ಹೆಸರು ಇದೆಯೇ? ಆ ಹೆಸರು ಹೋಸ್ಟ್ಸ್ ಫೈಲಿನಲ್ಲಿ ಇದೆಯೇ? ಇವೆರಡೂ ಇದ್ದರೂ ಸಾಲದು. ಟಿಎಫ್‌ಟಿಪಿಬೂಟ್ ಡೈರೆಕ್ಟರಿಯಲ್ಲಿ ಆ ಐಪಿ ವಿಳಾಸದ ಹೆಸರಿನ ಬೂಟ್ ಫೈಲ್ ಇದೆಯೇ ಅಂತಲೂ ನೋಡುತ್ತದೆ. ಇಲ್ಲದಿದ್ದರೆ ‘ಇವನನ್ನು ಬೂಟ್ ಮಾಡಿಸಲು ನನ್ನಿಂದ ಆಗದು, ಬೇರೆ ಯಾರಾದರೂ ಉತ್ತರಿಸಲಿ’ ಅಂತ ಸುಮ್ನೆ ಇದ್ದುಬಿಡುತ್ತದೆ. ಇದು ಒಳ್ಳೆಯ ನಡವಳಿಕೆಯೇ, ಒಂದೇ ನೆಟ್‌ವರ್ಕಿನಲ್ಲಿ ಹಲವು ಸರ್ವರುಗಳಿದ್ದಾಗ ಬೇಕಾದದ್ದೇ. ಆದರೆ ಪರಿಣಾಮ ನೋಡಿ: ಎರಡನೇ ಹಂತದ ಫೈಲಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ದೂರು ಬರುವುದು ಮೊದಲ ಹಂತದಲ್ಲಿ. ಪರದೆಯ ಮೇಲೆ ರಾರ್ಪ್ ಟೈಮ್‌ಔಟ್. ಈಥರ್ಸ್ ಫೈಲನ್ನು ಎಷ್ಟು ಸಲ ಓದಿದರೂ ಅದು ಸರಿಯಾಗಿಯೇ ಇರುತ್ತದೆ, ಯಾಕಂದರೆ ಅದು ನಿಜವಾಗಿಯೂ ಸರಿಯಾಗಿದೆ. ಫ್ರೀಬಿಎಸ್‌ಡಿಯ ರಾರ್ಪ್ ಡೀಮನ್ನಿನಲ್ಲಿ ಈ ಕೊನೆಯ ಪರೀಕ್ಷೆಯನ್ನು ಬಿಟ್ಟುಬಿಡು ಅನ್ನಲು ಒಂದು ಆಯ್ಕೆ ಇದೆ. ಅದನ್ನು ಹಾಕಿ ನೋಡಿದಾಗ ರಾರ್ಪ್‌ಗೆ ಉತ್ತರ ಬಂದು ಟಿಎಫ್‌ಟಿಪಿಯಲ್ಲಿ ನಿಂತರೆ, ಕೆಟ್ಟದ್ದು ಫೈಲ್ ಅಂತ ಖಾತ್ರಿ.

ಇನ್ನೊಂದು ಕಾರಣ ಮಷೀನಿನ ಹೊಟ್ಟೆಯಲ್ಲೇ ಇರುತ್ತದೆ. ಸನ್ ಕಂಪನಿಯ ನಂತರದ ಸ್ಪಾರ್ಕ್‌ಸ್ಟೇಷನ್‌ಗಳಲ್ಲಿ ಈಥರ್ನೆಟ್ ವಿಳಾಸ ಇರುವುದು ಬ್ಯಾಟರಿ ಮೇಲೆ ಬದುಕುವ ಒಂದು ಎನ್‌ವಿರ‍್ಯಾಮ್ ಚಿಪ್ಪಿನಲ್ಲಿ. ಬ್ಯಾಟರಿ ಚಿಪ್ಪಿನ ಒಳಗೇ ಸೇರಿಕೊಂಡಿದೆ, ಬಿಚ್ಚಿ ಬದಲಿಸುವಂಥದ್ದಲ್ಲ. ಅದು ಸತ್ತರೆ ಐಡಿಪ್ರಾಮ್ (ಆ ವಿಳಾಸ ಇರುವ ಭಾಗ) ಕೆಟ್ಟಿದೆ ಅನ್ನುವ ಸಂದೇಶ ಬರುತ್ತದೆ, ವಿಳಾಸದ ಜಾಗದಲ್ಲಿ ಬರೀ ಎಫ್‌ಎಫ್ ಎಫ್‌ಎಫ್ ಅಂತ ಕಾಣುತ್ತದೆ. ಅದು ಬ್ರಾಡ್‌ಕಾಸ್ಟ್ ವಿಳಾಸ. ಕಳಿಸಿದವರ ಜಾಗದಲ್ಲಿ ಬ್ರಾಡ್‌ಕಾಸ್ಟ್ ವಿಳಾಸ ಇರುವ ಪ್ಯಾಕೆಟ್ಟನ್ನು ಯಾವ ಒಳ್ಳೆಯ ಸ್ವಿಚ್ಚೂ ಮುಂದಕ್ಕೆ ಬಿಡುವುದಿಲ್ಲ, ಹಾಗಾಗಿ ಸರ್ವರಿನಲ್ಲಿ ಏನೂ ಕಾಣಿಸುವುದಿಲ್ಲ. ಪ್ರಾಮ್ ತೋರಿಸುವ ಓಕೆ ಪ್ರಾಂಪ್ಟಿನಲ್ಲಿ ಕೂತು ಒಂದೊಂದೇ ಬೈಟಾಗಿ ವಿಳಾಸವನ್ನು ಮತ್ತೆ ಬರೆಯಬಹುದು, ಸನ್ ಮಷೀನುಗಳ ವಿಳಾಸ 8:0:20 ಅಂತ ಶುರುವಾಗುತ್ತದೆ. ಪವರ್ ತೆಗೆದರೆ ಅದು ಮತ್ತೆ ಹೋಗುತ್ತದೆ. ಚಿಪ್ಪನ್ನೇ ಬದಲಿಸಬೇಕು ಅಥವಾ ಮೇಲ್ಭಾಗವನ್ನು ಕೊರೆದು ಹೊರಗಿನಿಂದ ಬ್ಯಾಟರಿ ಜೋಡಿಸಬೇಕು. ಎರಡನೆಯದನ್ನು ಮಾಡುವವರ ತಾಳ್ಮೆ ನೋಡಿದರೆ ನನಗೆ ಗೌರವ ಬರುತ್ತದೆ.

ಸ್ವಿಚ್ಚಿನ ಮಾತು ಬಂತಲ್ಲ. ಸ್ವಿಚ್ಚುಗಳ ನಡುವೆ ಪ್ಯಾಕೆಟ್ ಸುತ್ತುತ್ತಲೇ ಇರದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ನಿಯಮದ ಪ್ರಕಾರ ಒಂದು ಪೋರ್ಟಿಗೆ ಲಿಂಕ್ ಬಂದ ಮೇಲೆ 15 ಸೆಕೆಂಡ್ ಕೇಳುವುದು, 15 ಸೆಕೆಂಡ್ ಕಲಿಯುವುದು, ಒಟ್ಟು 30 ಸೆಕೆಂಡ್ ಆದ ಮೇಲೆಯೇ ಪ್ಯಾಕೆಟ್ ದಾಟುವುದು. ಈ ಅವಧಿಯಲ್ಲಿ ಮಷೀನ್ ಕೇಳಿದ್ದೆಲ್ಲ ಗಾಳಿಗೆ. ಕೆಲವು ಪ್ರಾಮ್‌ಗಳು ಸುಮ್ನೆ ಕೇಳುತ್ತಲೇ ಇರುತ್ತವೆ, ಅವಕ್ಕೆ ತೊಂದರೆ ಇಲ್ಲ. ಬೇಗ ಕೈಬಿಡುವ ಕಾರ್ಡುಗಳಿಗೆ ಬೂಟ್ ತಪ್ಪಲು ಇಷ್ಟೇ ಸಾಕು. ತಮಾಷೆಯಂತೆ ಕಾಣುವ ಒಂದು ಲಕ್ಷಣ ಇದಕ್ಕಿದೆ: ಬಂದದ್ದನ್ನೆಲ್ಲ ಎಲ್ಲ ಪೋರ್ಟಿಗೂ ಕಳಿಸಿಬಿಡುವ ಹಳೆಯ ಹಬ್ ಸಿಕ್ಕಿಸಿದರೆ ಬೂಟ್ ಆಗುತ್ತದೆ, ದುಬಾರಿ ಸ್ವಿಚ್ ಸಿಕ್ಕಿಸಿದರೆ ಆಗುವುದಿಲ್ಲ. ಇನ್ನೊಂದು ಸ್ವಿಚ್ ಅಲ್ಲ, ಬರೀ ಮಷೀನುಗಳು ಸಿಕ್ಕಿಸಿರುವ ಪೋರ್ಟುಗಳಲ್ಲಿ ಈ ಕಾಯುವಿಕೆಯನ್ನು ಬಿಟ್ಟುಬಿಡು ಅಂತ ಸ್ವಿಚ್ಚಿಗೆ ಹೇಳಿದರೆ ಮುಗಿಯಿತು.

ಟಿಎಫ್‌ಟಿಪಿ ಹಂತದಲ್ಲಿ ತಪ್ಪುಗಳು ಚಿಕ್ಕವು, ಆದರೆ ಕಣ್ಣಿಗೆ ಬೀಳುವುದಿಲ್ಲ. ಸನ್ ಪ್ರಾಮ್ ಕೇಳುವ ಫೈಲಿನ ಹೆಸರು ತನ್ನ ಐಪಿ ವಿಳಾಸದ ಹೆಕ್ಸ್ (16ರ ಆಧಾರದ ಸಂಖ್ಯೆ) ರೂಪ. 192.168.1.45 ಅಂದುಕೊಳ್ಳಿ. 192 ಅಂದರೆ ಸಿ0, 168 ಅಂದರೆ ಎ8, 1 ಅಂದರೆ 01, 45 ಅಂದರೆ 2ಡಿ. ಸೇರಿಸಿದರೆ ಸಿ0ಎ8012ಡಿ, ಅಕ್ಷರಗಳೆಲ್ಲ ದೊಡ್ಡವು. ಸ್ಪಾರ್ಕ್ ಮಷೀನಾದರೆ ಅದರ ಕೊನೆಗೆ ಚುಕ್ಕಿ ಇಟ್ಟು ಸನ್4ಸಿ ಅಥವಾ ಸನ್4ಎಂ ಅಂತ ಜಾತಿಯ ಹೆಸರು, ಸನ್ 3 ಆದರೆ ಏನೂ ಇಲ್ಲ. ಇದರಲ್ಲಿ 1 ಅನ್ನುವುದನ್ನು 01 ಅಂತ ಬರೆಯುವುದು ಬಿಟ್ಟುಹೋಗುವುದು, ಸಣ್ಣ ಅಕ್ಷರ ಬಳಸುವುದು, 45 ಅನ್ನು ಹಾಗೇ ಬರೆಯುವುದು, ಇವು ಮೂರೂ ಸಾಮಾನ್ಯ. ಯಂತ್ರದಿಂದಲೇ ಹೆಸರು ಮಾಡಿಸಿಕೊಳ್ಳಿ, ಅದಕ್ಕೆ ಪ್ರಿಂಟ್‌ಎಫ್ ಕಮಾಂಡ್ ಇದೆ. ಇನ್ನೂ ಒಳ್ಳೆಯದು, ಟಿಸಿಪಿಡಂಪ್‌ನಲ್ಲಿ ಮಷೀನೇ ಕೇಳಿದ ಹೆಸರು ಅಕ್ಷರ ಅಕ್ಷರವಾಗಿ ಕಾಣುತ್ತದೆ, ಅದನ್ನೇ ನಕಲು ಮಾಡಿ.

ಈ ಹೆಸರು ಸಾಮಾನ್ಯವಾಗಿ ಒಂದು ಸಿಂಬಾಲಿಕ್ ಲಿಂಕ್, ನಿಜವಾದ ಬೂಟ್ ಪ್ರೋಗ್ರಾಂ ಕಡೆಗೆ ತೋರಿಸುವುದು. ಟಿಎಫ್‌ಟಿಪಿ ಡೀಮನ್ ಭದ್ರತೆಗಾಗಿ ಟಿಎಫ್‌ಟಿಪಿಬೂಟ್ ಡೈರೆಕ್ಟರಿಯನ್ನೇ ತನ್ನ ಬೇರು ಮಾಡಿಕೊಂಡು ಕೂರುತ್ತದೆ. ಲಿಂಕಿನಲ್ಲಿ ಪೂರ್ತಿ ಪಾತ್ ಬರೆದಿದ್ದರೆ ಶೆಲ್ಲಿನಲ್ಲಿ ನೋಡಿದಾಗ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಡೀಮನ್ನಿಗೆ ಮಾತ್ರ ಟಿಎಫ್‌ಟಿಪಿಬೂಟ್ ಒಳಗೆ ಇನ್ನೊಂದು ಟಿಎಫ್‌ಟಿಪಿಬೂಟ್ ಹುಡುಕಬೇಕಾಗುತ್ತದೆ, ಅದು ಸಿಗುವುದಿಲ್ಲ. ಇದಕ್ಕೆ ಹಳಬರ ಉಪಾಯ ಚೆಂದ: ಆ ಡೈರೆಕ್ಟರಿಯ ಒಳಗೆ ಟಿಎಫ್‌ಟಿಪಿಬೂಟ್ ಅನ್ನುವ ಹೆಸರಿನಲ್ಲಿ ಅದೇ ಡೈರೆಕ್ಟರಿಯನ್ನು ತೋರಿಸುವ ಲಿಂಕ್, ಅಂದರೆ ಒಂದು ಚುಕ್ಕಿಗೆ. ಆಗ ಎರಡೂ ದಾರಿ ಒಂದೇ ಕಡೆ ಸೇರುತ್ತವೆ. ಯಾರಾದರೂ ಸ್ವಚ್ಛ ಮಾಡುವ ಉತ್ಸಾಹದಲ್ಲಿ ‘ಇದೇನು ಅರ್ಥವಿಲ್ಲದ ಲಿಂಕ್’ ಅಂತ ಅದನ್ನು ಅಳಿಸಿದರೆ ಮಾರನೇ ದಿನ ಒಂದು ಮಷೀನೂ ಏಳುವುದಿಲ್ಲ.

ಲಿನಕ್ಸ್ ಸರ್ವರಿನಿಂದ ಹಳೆಯ ಸ್ಪಾರ್ಕ್‌ಗಳನ್ನು ಬೂಟ್ ಮಾಡಿಸುವವರಿಗೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಲಿನಕ್ಸ್ ತನ್ನ ಯುಡಿಪಿ ಪ್ಯಾಕೆಟ್ಟುಗಳ (ಟಿಎಫ್‌ಟಿಪಿ ಬಳಸುವುದು ಇವನ್ನೇ) ಮೇಲೆ ‘ಇದನ್ನು ತುಂಡು ಮಾಡಬೇಡಿ’ ಅನ್ನುವ ಗುರುತು ಹಾಕುತ್ತದೆ. ಕೆಲವು ಹಳೆಯ ಪ್ರಾಮ್‌ಗಳಿಗೆ ಆ ಗುರುತು ಇರುವ ಪ್ಯಾಕೆಟ್ ಅರ್ಥವೇ ಆಗುವುದಿಲ್ಲ. ಜಾಡಿನಲ್ಲಿ ಸರ್ವರ್ ಮೊದಲ ಬ್ಲಾಕನ್ನು ಕಳಿಸುತ್ತಲೇ ಇರುತ್ತದೆ, ಮಷೀನ್ ಒಪ್ಪಿಗೆ ಕೊಡುವುದೇ ಇಲ್ಲ. ಆ ಗುರುತು ಹಾಕಿಸುವ ಪಾತ್ ಎಂಟಿಯು ಹುಡುಕಾಟವನ್ನು (ದಾರಿಯಲ್ಲಿ ಎಷ್ಟು ದೊಡ್ಡ ಪ್ಯಾಕೆಟ್ ಹೋಗಬಲ್ಲದು ಅಂತ ಅಳೆಯುವುದು) ಸರ್ವರಿನಲ್ಲಿ ನಿಲ್ಲಿಸಿದರೆ ಕೂಡಲೇ ಸರಿಹೋಗುತ್ತದೆ. ಪರದೆಯನ್ನು ನೋಡುತ್ತಾ ಕೂತರೆ ಇದನ್ನು ಯಾರು ತಾನೇ ಊಹಿಸಬಲ್ಲರು?

ಬೂಟ್‌ಪ್ಯಾರಮ್ ಹಂತ ನನ್ನ ಪ್ರಕಾರ ಇಡೀ ಸರಪಳಿಯಲ್ಲಿ ಅತಿ ಕಷ್ಟದ್ದು, ಯಾಕಂದರೆ ಇಲ್ಲಿ ಉತ್ತರ ಬರದಿರುವುದಕ್ಕಿಂತ ತಪ್ಪು ಉತ್ತರ ಬರುವುದೇ ಜಾಸ್ತಿ. ಮಷೀನ್ ಪೋರ್ಟ್‌ಮ್ಯಾಪರಿಗೆ (ಯಾವ ಡೀಮನ್ ಯಾವ ಪೋರ್ಟಿನಲ್ಲಿದೆ ಅಂತ ಬಲ್ಲ ಪ್ರೋಗ್ರಾಂ) ಬ್ರಾಡ್‌ಕಾಸ್ಟ್ ಮಾಡಿ, ನನ್ನ ಮಾತನ್ನು ಬೂಟ್‌ಪ್ಯಾರಮ್ ಡೀಮನ್ನಿಗೆ ದಾಟಿಸು ಅನ್ನುತ್ತದೆ. ಪೋರ್ಟ್‌ಮ್ಯಾಪರಿನ ಈಗಿನ ರೂಪವಾದ ಕೆಲವು ಆರ್‌ಪಿಸಿಬೈಂಡ್‌ಗಳಲ್ಲಿ ಹೀಗೆ ದಾಟಿಸುವುದನ್ನು ಭದ್ರತೆಗಾಗಿ ಮುಚ್ಚಿರುತ್ತಾರೆ, ಆಗ ಡೀಮನ್ ಆರೋಗ್ಯವಾಗಿಯೇ ಇದ್ದರೂ ಅದಕ್ಕೆ ಪ್ರಶ್ನೆಯೇ ತಲುಪುವುದಿಲ್ಲ. ತಲುಪಿತು ಅಂದುಕೊಳ್ಳಿ. ಡೀಮನ್ ಐಪಿ ವಿಳಾಸದಿಂದ ಹೆಸರು ಕಂಡುಹಿಡಿದು, ಆ ಹೆಸರನ್ನು ಬೂಟ್‌ಪ್ಯಾರಮ್ಸ್ ಫೈಲಿನಲ್ಲಿ ಹುಡುಕುತ್ತದೆ. ಹೋಸ್ಟ್ಸ್ ಫೈಲ್ ಬಿಟ್ಟು ಡಿಎನ್‌ಎಸ್ ಕಡೆಯಿಂದ ಡೊಮೇನ್ ಸಮೇತ ಉದ್ದ ಹೆಸರು ಬಂದು, ಬೂಟ್‌ಪ್ಯಾರಮ್ಸ್‌ನಲ್ಲಿ ಚಿಕ್ಕ ಹೆಸರು ಇದ್ದರೆ ಎರಡೂ ಹೊಂದುವುದಿಲ್ಲ. ನಿನ್ನೆಯವರೆಗೆ ಸರಿಯಿತ್ತು, ಈ ಫೈಲುಗಳನ್ನು ಯಾರೂ ಮುಟ್ಟಿಲ್ಲ, ಆದರೂ ನಿಂತುಹೋಯಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಹೆಸರು ಹುಡುಕುವ ಕ್ರಮವನ್ನು ಯಾರಾದರೂ ಬದಲಿಸಿದರಾ ಅಂತ.

ಎರಡು ನೆಟ್‌ವರ್ಕ್ ಕಾರ್ಡ್ ಇರುವ ಸರ್ವರ್ ಇನ್ನೊಂದು ಬಲೆ. ರೂಟ್ ಈ ಸರ್ವರಿನಲ್ಲಿದೆ ಅಂತ ಡೀಮನ್ ಹೇಳುತ್ತದೆ, ಜೊತೆಗೆ ಆ ಹೆಸರಿನ ಐಪಿ ವಿಳಾಸವನ್ನೂ ಕೊಡುತ್ತದೆ. ಆ ವಿಳಾಸ ಇನ್ನೊಂದು ಕಾರ್ಡಿನದಾದರೆ? ಮಷೀನ್ ತನಗೆ ದಾರಿಯೇ ಗೊತ್ತಿಲ್ಲದ ನೆಟ್‌ವರ್ಕಿನ ಕಡೆ ಮೌಂಟ್ ಕೋರಿಕೆ ಕಳಿಸುತ್ತಾ ಕೂರುತ್ತದೆ. ಸರ್ವರಿನ ಒಂದೊಂದು ಕಾರ್ಡಿಗೂ ಬೇರೆ ಬೇರೆ ಹೆಸರು ಕೊಟ್ಟು, ಬೂಟ್‌ಪ್ಯಾರಮ್ಸ್‌ನಲ್ಲಿ ಮಷೀನಿನ ಕಡೆಯ ಹೆಸರನ್ನೇ ಬರೆದರೆ ಈ ಗೋಳು ತಪ್ಪುತ್ತದೆ.

ಇದಕ್ಕಿಂತ ಕೆಟ್ಟದ್ದು, ಗೊತ್ತಿಲ್ಲದ ಎರಡನೇ ಸರ್ವರ್. ಬ್ರಾಡ್‌ಕಾಸ್ಟ್ ಪ್ರಶ್ನೆಗೆ ಮೊದಲು ಬಂದ ಉತ್ತರವೇ ಗೆಲ್ಲುತ್ತದೆ. ಯಾವತ್ತೋ ಪ್ರಯೋಗಕ್ಕೆ ಅಂತ ಹಚ್ಚಿದ ಡೀಮನ್ ಯಾವುದೋ ಮೂಲೆಯ ಮಷೀನಿನಲ್ಲಿ ಇನ್ನೂ ಓಡುತ್ತಿದ್ದರೆ, ಅದರ ಹಳೆಯ ಫೈಲಿನಲ್ಲಿ ಇದೇ ಹೆಸರಿಗೆ ಬೇರೆ ರೂಟ್ ಇದ್ದರೆ, ಕೆಲವೊಮ್ಮೆ ಬೂಟ್ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ. ಮುಖ್ಯ ಸರ್ವರ್ ಬಿಡುವಾಗಿದ್ದಾಗ ಅದೇ ಮೊದಲು ಉತ್ತರಿಸುತ್ತದೆ, ಎಲ್ಲ ಸರಿ. ಅದಕ್ಕೆ ಕೆಲಸ ಜಾಸ್ತಿಯಾದಾಗ ಮೂಲೆಯ ಮಷೀನ್ ಮೊದಲು ಬಾಯಿ ಹಾಕುತ್ತದೆ. ‘ಬೆಳಿಗ್ಗೆ ಸರಿಯಾಗಿ ಏಳುತ್ತದೆ, ಮಧ್ಯಾಹ್ನ ಏಳುವುದಿಲ್ಲ’ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಇದನ್ನು ಹಿಡಿಯಲು ಟಿಸಿಪಿಡಂಪ್‌ನಲ್ಲಿ ಉತ್ತರ ಬಂತೇ ಅಂತ ನೋಡಿದರೆ ಸಾಲದು, ಉತ್ತರ ಯಾರ ಈಥರ್ನೆಟ್ ವಿಳಾಸದಿಂದ ಬಂತು ಅಂತ ನೋಡಬೇಕು. ಅದಕ್ಕೆ ಲಿಂಕ್ ಮಟ್ಟದ ಹೆಡರನ್ನೂ ತೋರಿಸು ಅನ್ನುವ ಆಯ್ಕೆಯನ್ನು ನಾನು ಯಾವಾಗಲೂ ಹಾಕಿಯೇ ಇರುತ್ತೇನೆ. ಇನ್ನೊಂದು ಮಾತು: ಸ್ವಿಚ್ ಇರುವ ನೆಟ್‌ವರ್ಕಿನಲ್ಲಿ ಆ ಮೂಲೆಯ ಮಷೀನ್ ನೇರವಾಗಿ ಕಳಿಸಿದ ಉತ್ತರ ನಿಮ್ಮ ಸರ್ವರಿಗೆ ಕಾಣುವುದೇ ಇಲ್ಲ. ಸ್ವಿಚ್ಚಿನಲ್ಲಿ ಪೋರ್ಟ್ ಮಿರರಿಂಗ್ (ಒಂದು ಪೋರ್ಟಿನ ಪ್ಯಾಕೆಟ್ಟುಗಳ ನಕಲನ್ನು ಇನ್ನೊಂದಕ್ಕೆ ಕಳಿಸುವುದು) ಹಾಕಬೇಕು, ಇಲ್ಲವೇ ಬೂಟ್ ಆಗದ ಮಷೀನನ್ನೂ ಇನ್ನೊಂದು ಲ್ಯಾಪ್‌ಟಾಪನ್ನೂ ಒಂದು ಹಳೆಯ ಹಬ್ಬಿಗೆ ಸಿಕ್ಕಿಸಬೇಕು. ಹಳೆಯ ಹಬ್ ಕಂಡರೆ ಎಸೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ರೂಟ್ ಮೌಂಟ್ ಆದ ಮೇಲಿನ ತೊಂದರೆಗಳ ಬಣ್ಣವೇ ಬೇರೆ. ಎನ್‌ಎಫ್‌ಎಸ್ ಸರ್ವರ್ ಸಾಮಾನ್ಯವಾಗಿ ಹೊರಗಿನ ಮಷೀನಿನ ರೂಟ್ ಬಳಕೆದಾರನನ್ನು (ಎಲ್ಲ ಹಕ್ಕೂ ಇರುವವನು) ನಂಬುವುದಿಲ್ಲ, ಅವನನ್ನು ವಿಶೇಷ ಹಕ್ಕು ಇಲ್ಲದ ನೋಬಡಿ ಅಂತ ಬದಲಿಸಿಬಿಡುತ್ತದೆ. ಡಿಸ್ಕ್ ಇಲ್ಲದ ಮಷೀನಿಗೆ ಇದು ಪ್ರಾಣಕ್ಕೇ ಬರುತ್ತದೆ. ಓದುವುದೆಲ್ಲ ಆಗುತ್ತದೆ, ಹಾಗಾಗಿ ಕರ್ನಲ್ ಏಳುತ್ತದೆ, ಇನಿಟ್ ಕೂಡ ಶುರುವಾಗಬಹುದು, ಬರೆಯಲು ಹೋದಾಗ ಮಾತ್ರ ಅನುಮತಿ ಇಲ್ಲ. ಆ ಮಷೀನಿಗೆ ರೂಟ್ ಹಕ್ಕು ಕೊಟ್ಟಿದ್ದೇನೆ ಅಂತ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಬರೆಯಬೇಕು, ಅದೂ ಸರ್ವರಿಗೆ ಆ ಮಷೀನ್ ಯಾವ ಹೆಸರಿನಲ್ಲಿ ಗೊತ್ತೋ ಅದೇ ಹೆಸರಿನಲ್ಲಿ. ಇನ್ನು ರೂಟ್ ಡೈರೆಕ್ಟರಿಯನ್ನು ನಕಲು ಮಾಡುವಾಗ ಡಿವೈಸ್ ಫೈಲುಗಳು ಬಿಟ್ಟುಹೋಗಿದ್ದರೆ ಕನ್ಸೋಲ್ ಅನ್ನುವ ಫೈಲ್ ಇರುವುದಿಲ್ಲ. ಇನಿಟ್ ಓಡುತ್ತಲೇ ಇರುತ್ತದೆ, ಮಾತಾಡಲು ಬಾಯಿಲ್ಲ. ಪರದೆ ಖಾಲಿ. ಜಾಡಿನಲ್ಲಿ ನೋಡಿದರೆ ಆ ಫೈಲನ್ನು ಹುಡುಕಿದ ಕೋರಿಕೆ, ಅದಕ್ಕೆ ‘ಅಂಥ ಫೈಲ್ ಇಲ್ಲ’ ಅನ್ನುವ ಉತ್ತರ, ಆಮೇಲೆ ಮೌನ.

ಕರ್ನಲ್ ಅರ್ಧ ಬಂದು ನಿಂತರೆ ನಾನು ಪ್ಯಾಕೆಟ್ಟಿನ ಗಾತ್ರ ನೋಡುತ್ತೇನೆ. ಯುಡಿಪಿ ಮೇಲಿನ ಎನ್‌ಎಫ್‌ಎಸ್ ಒಂದು ಸಲಕ್ಕೆ 8192 ಬೈಟ್ ಓದುವುದು ರೂಢಿ. ಈಥರ್ನೆಟ್‌ನಲ್ಲಿ ಒಂದು ಸಲಕ್ಕೆ ಹೋಗುವುದು 1500. ಹಾಗಾಗಿ ಒಂದು ಉತ್ತರ ಆರು ತುಂಡಾಗಿ ಬೆನ್ನು ಬೆನ್ನಿಗೆ ಬರುತ್ತದೆ. ವೇಗದ ಸರ್ವರ್, ನಿಧಾನದ ಹಳೆಯ ಕಾರ್ಡ್. ಆರರಲ್ಲಿ ಒಂದು ತುಂಡು ಕೆಳಗೆ ಬಿದ್ದರೂ ಉಳಿದ ಐದು ವ್ಯರ್ಥ, ಮತ್ತೆ ಆರೂ ಬರಬೇಕು, ಮತ್ತೆ ಅದೇ ತುಂಡು ಬೀಳುತ್ತದೆ. ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಅನ್ನುವ ಸಾಲು ಆಗ ಬರುತ್ತದೆ. ಸರ್ವರ್ ಪಾಪ ಉತ್ತರಿಸಿ ಉತ್ತರಿಸಿ ಸುಸ್ತಾಗಿರುತ್ತದೆ. ಓದುವ ಗಾತ್ರವನ್ನು 1024ಕ್ಕೆ ಇಳಿಸಿದರೆ ನಿಧಾನವಾಗಿಯಾದರೂ ಏಳುತ್ತದೆ. ಹೊಸ ಸರ್ವರುಗಳಲ್ಲಿ ಹಳೆಯ ಎನ್‌ಎಫ್‌ಎಸ್ 2ನೇ ಆವೃತ್ತಿ, ಯುಡಿಪಿ ಎರಡೂ ಮುಚ್ಚಿರುವುದೇ ಜಾಸ್ತಿ, ಅದನ್ನೂ ನೋಡಿಕೊಳ್ಳಬೇಕು.

ಆರ್‌ಸಿ ಸ್ಕ್ರಿಪ್ಟುಗಳವರೆಗೆ ಬಂತು ಅಂದರೆ ಗೆದ್ದೆವು ಅನ್ನಿಸುತ್ತದೆ. ಇಲ್ಲೊಂದು ಅಪಾಯ ಕಾದಿರುತ್ತದೆ. ಡಿಸ್ಕ್ ಇರುವ ಮಷೀನಿನಲ್ಲಿ ನೆಟ್‌ವರ್ಕ್ ಕಾರ್ಡನ್ನು ಒಂದು ಕ್ಷಣ ಕೆಳಗಿಳಿಸಿ ಮತ್ತೆ ಮೇಲೆತ್ತುವುದು ದೊಡ್ಡ ವಿಷಯವಲ್ಲ. ಇಲ್ಲಿ ಆ ಕಾರ್ಡೇ ರೂಟಿನ ಉಸಿರು. ಕಾರ್ಡನ್ನು ಕೆಳಗಿಳಿಸುವ ಕಮಾಂಡ್ ಓಡಿತು, ಮತ್ತೆ ಮೇಲೆತ್ತುವ ಕಮಾಂಡನ್ನು ಎಲ್ಲಿಂದ ಓದುವುದು? ಅದು ತಂತಿಯ ಆಚೆ ಇದೆ. ಫೈರ್‌ವಾಲ್ ಸ್ಕ್ರಿಪ್ಟುಗಳದ್ದೂ ಇದೇ ಕಥೆ. ಮೊದಲು ಎಲ್ಲವನ್ನೂ ತಡೆ, ಆಮೇಲೆ ಬೇಕಾದದ್ದನ್ನು ಬಿಡು ಅನ್ನುವ ಕ್ರಮದಲ್ಲಿ ಬರೆದಿದ್ದರೆ ಮೊದಲ ಸಾಲಿಗೂ ಎರಡನೇ ಸಾಲಿಗೂ ನಡುವೆ ಮಷೀನ್ ಹೆಪ್ಪುಗಟ್ಟುತ್ತದೆ. ಇದರ ಗುರುತು ಸ್ಪಷ್ಟ: ಜಾಡು ನಡುವೆ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಮತ್ತೆ ಮತ್ತೆ ಕೇಳುವುದೂ ಇಲ್ಲ, ದೋಷದ ಉತ್ತರವೂ ಇಲ್ಲ. ಕೊನೆಗೆ ಓದಿದ ಫೈಲ್ ಯಾವುದು ಅಂತ ನೋಡಿದರೆ ಸಾಮಾನ್ಯವಾಗಿ ಆ ಸ್ಕ್ರಿಪ್ಟೇ ಸಿಕ್ಕಿಬೀಳುತ್ತದೆ.

ಸ್ವಾಪ್ ಬಗ್ಗೆ ಒಂದೇ ಮಾತು. ಮೆಮೊರಿ ಖಾಲಿಯಾದಾಗ ಒಂದು ಪುಟವನ್ನು ಹೊರಗೆ ಕಳಿಸಬೇಕು, ಕಳಿಸಲು ನೆಟ್‌ವರ್ಕ್ ಬಫರ್ ಬೇಕು, ಬಫರಿಗೆ ಮೆಮೊರಿ ಬೇಕು. ಹೀಗೆ ಸಿಕ್ಕಿಹಾಕಿಕೊಂಡ ಮಷೀನ್ ಬೂಟ್ ಆಗುವಾಗಲೇ ನಿಂತರೆ ದೂರು ನೆಟ್‌ವರ್ಕ್ ಮೇಲೆ ಬರುತ್ತದೆ, ಕೊರತೆ ಮೆಮೊರಿಯದ್ದು.

ಈಗ ಸ್ಪಾರ್ಕ್‌ಸ್ಟೇಷನ್ ಯಾರ ಹತ್ತಿರ ಇದೆ ಅಂತ ಕೇಳಬಹುದು. ರಾರ್ಪ್ ಜಾಗಕ್ಕೆ 1985ರಲ್ಲಿ ಬೂಟ್‌ಪಿ ಬಂತು, ಅದರ ಮೇಲೆ ಡಿಎಚ್‌ಸಿಪಿ ಬೆಳೆಯಿತು, 1990ರ ದಶಕದ ಕೊನೆಗೆ ಇಂಟೆಲ್‌ನ ಪಿಎಕ್ಸ್‌ಇ ಸಾಮಾನ್ಯ ಪಿಸಿಗಳಿಗೆಲ್ಲ ನೆಟ್‌ವರ್ಕ್ ಬೂಟನ್ನು ತಂದಿತು. ಕ್ಲಾಸ್‌ರೂಂನ ಮಷೀನುಗಳು, ದೊಡ್ಡ ಕ್ಲಸ್ಟರುಗಳ ನೋಡ್‌ಗಳು ಇವತ್ತಿಗೂ ಹೀಗೆಯೇ ಏಳುತ್ತವೆ. ಮರೆವಿನ ರೋಗ ಹಾಗೇ ಉಳಿದಿದೆ. ಕಾರ್ಡಿನಲ್ಲಿರುವ ಪಿಎಕ್ಸ್‌ಇ ಡಿಎಚ್‌ಸಿಪಿ ಕೇಳಿ ಐಪಿಎಕ್ಸ್‌ಇ ಅನ್ನುವ ಇನ್ನೊಂದು ಲೋಡರನ್ನು ಇಳಿಸಿಕೊಳ್ಳುತ್ತದೆ. ಅದು ಎದ್ದು ಮತ್ತೆ ಡಿಎಚ್‌ಸಿಪಿ ಕೇಳುತ್ತದೆ. ಸರ್ವರ್ ಅದೇ ಉತ್ತರ ಕೊಡುತ್ತದೆ: ಐಪಿಎಕ್ಸ್‌ಇ ಇಳಿಸಿಕೋ. ಅದು ಇಳಿಸಿಕೊಳ್ಳುತ್ತದೆ, ಎದ್ದು ಮತ್ತೆ ಕೇಳುತ್ತದೆ, ಮತ್ತೆ ಅದೇ, ಕೊನೆಯಿಲ್ಲದೆ. ಪ್ರಶ್ನೆಯಲ್ಲಿ ಬರುವ, ಕೇಳುತ್ತಿರುವವರು ಯಾರು ಅಂತ ಹೇಳುವ ಯೂಸರ್ ಕ್ಲಾಸ್ ನೋಡಿ, ಐಪಿಎಕ್ಸ್‌ಇ ಅಂತ ಇದ್ದರೆ ಲೋಡರಿನ ಬದಲು ಬೂಟ್ ಸ್ಕ್ರಿಪ್ಟಿನ ಹೆಸರು ಕೊಡು ಅಂತ ಡಿಎಚ್‌ಸಿಪಿ ಸರ್ವರಿಗೆ ಹೇಳಬೇಕು.

ಪಿಎಕ್ಸ್‌ಲಿನಕ್ಸ್ ಅನ್ನುವ ಇನ್ನೊಂದು ಲೋಡರ್ ಬಳಸುವವರಿಗೆ ಹಳೆಯ ಹೆಕ್ಸ್ ಹೆಸರೂ ಮತ್ತೆ ಸಿಗುತ್ತದೆ. ಅದು ಐಪಿ ವಿಳಾಸಕ್ಕೆ ಬರುವ ಮೊದಲು ಈಥರ್ನೆಟ್ ವಿಳಾಸದ ಹೆಸರಿನ ಕಾನ್ಫಿಗರೇಶನ್ ಫೈಲ್ ಹುಡುಕುತ್ತದೆ, ಅದು ಸಣ್ಣ ಅಕ್ಷರದಲ್ಲಿ. ಆಮೇಲೆ ಐಪಿ ವಿಳಾಸದ ಹೆಕ್ಸ್, ಅದು ದೊಡ್ಡ ಅಕ್ಷರದಲ್ಲಿ. ಸಿಗದಿದ್ದರೆ ಕೊನೆಯಿಂದ ಒಂದೊಂದೇ ಅಕ್ಷರ ಕಳೆಯುತ್ತಾ ಕೇಳಿ, ಕೊನೆಗೆ ಡೀಫಾಲ್ಟ್. ಈ ಕೋರಿಕೆಗಳೆಲ್ಲ ಸಾಲಾಗಿ ಜಾಡಿನಲ್ಲಿ ಕಾಣುವುದರಿಂದ ಯಾವ ಹೆಸರಿನಲ್ಲಿ ಫೈಲ್ ಇಡಬೇಕಿತ್ತು ಅಂತ ಮಷೀನೇ ಬರೆದುಕೊಟ್ಟ ಹಾಗೆ ಆಗುತ್ತದೆ.

ನಾಲ್ಕು ನೆಟ್‌ವರ್ಕ್ ಕಾರ್ಡ್ ಇರುವ ಮಷೀನುಗಳಲ್ಲಿ ಇನ್ನೊಂದು ತೊಡಕಿದೆ. ಪಿಎಕ್ಸ್‌ಇ ಬೂಟ್ ಆದದ್ದು ಒಂದು ಕಾರ್ಡಿನಿಂದ, ಕರ್ನಲ್ ಎದ್ದು ಡಿಎಚ್‌ಸಿಪಿ ಕೇಳುವುದು ಇನ್ನೊಂದರಿಂದ. ಆ ಕಾರ್ಡಿಗೆ ತಂತಿಯೇ ಸಿಕ್ಕಿಸಿಲ್ಲ, ಅಥವಾ ಅದು ಬೇರೆ ನೆಟ್‌ವರ್ಕಿನಲ್ಲಿದೆ. ಇದಕ್ಕೆ ಪಿಎಕ್ಸ್‌ಲಿನಕ್ಸ್‌ನಲ್ಲಿ ಐಪಿಅಪೆಂಡ್ 2 ಅಂತ ಒಂದು ಸಾಲು ಬರೆಯಬಹುದು. ಆಗ ಅದು ತಾನು ಯಾವ ಕಾರ್ಡಿನಿಂದ ಬೂಟ್ ಆದೆ ಅನ್ನುವುದನ್ನು ಬೂಟ್‌ಇಫ್ ಅನ್ನುವ ಹೆಸರಿನಲ್ಲಿ ಕರ್ನಲ್ ಕಮಾಂಡ್ ಲೈನಿಗೆ ಸೇರಿಸುತ್ತದೆ, ಅದನ್ನು ಓದುವ, ಕರ್ನಲ್ ಜೊತೆಗೆ ಬರುವ ತಾತ್ಕಾಲಿಕ ರೂಟಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಅದೇ ಕಾರ್ಡನ್ನು ಎಬ್ಬಿಸಿ ರೂಟ್ ಮೌಂಟ್ ಮಾಡುತ್ತದೆ.